ವಾಷರು ಎಂದಷ್ಟೇ ಬರೆದರೆ ಸಾಲದು

ನಮ್ಮ ಶಾಲೆಯ ಕಡತದಲ್ಲಿ ನಮ್ಮದೇ ಕೈಬರಹದ ಒಂದು ಹಾಳೆಯಿದೆ. ಅದನ್ನು ಹರಿದು ಹಾಕಿಬಿಡೋಣವೆಂದು ಹಲವು ಸಲ ಅನಿಸಿದರೂ ಹಾಗೆ ಮಾಡದೆ ಉಳಿಸಿಕೊಂಡಿದ್ದೇವೆ. ಮಕ್ಕಳು ಮಧ್ಯಾಹ್ನದ ಊಟಕ್ಕೆ ಕುಳಿತುಕೊಳ್ಳುವ ಜಗುಲಿಗೆ ತಗಡು ಹೊದಿಸಲು ಬೇಕಾದ ಸಾಮಾನುಗಳ ಪಟ್ಟಿ ಅದು. ತಗಡಿನ ಉದ್ದ, ಅಗಲ, ದಪ್ಪ, ಸಂಖ್ಯೆ. ಕೊಕ್ಕೆ ಬೋಲ್ಟಿನ ಗಾತ್ರ, ಉದ್ದ, ಸಂಖ್ಯೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದೇವೆ. ಕೊನೆಯ ಸಾಲಿನಲ್ಲಿ ಮಾತ್ರ ‘ವಾಷರು, 150’ ಎಂದಷ್ಟೇ ಇದೆ.

2022ರ ಏಪ್ರಿಲ್ ತಿಂಗಳ ಒಂದು ಭಾನುವಾರ ರಾತ್ರಿ ಬೀಸಿದ ಗಾಳಿಮಳೆಗೆ ಆ ಜಗುಲಿಯ ಎರಡು ತಗಡುಗಳು ಹಾರಿ ಹಿಂದಿನ ರಾಗಿ ಹೊಲದಲ್ಲಿ ಬಿದ್ದವು. ಮರುದಿನ ಬೆಳಗ್ಗೆ ಏಣಿ ಹತ್ತಿ ನೋಡಿದಾಗ ನಮಗೆ ಆಶ್ಚರ್ಯವೇ ಕಾದಿತ್ತು. ಕೊಕ್ಕೆ ಬೋಲ್ಟುಗಳು ಒಂದೂ ಮುರಿದಿರಲಿಲ್ಲ. ನಟ್ಟುಗಳು ಸಡಿಲಿರಲಿಲ್ಲ. ವಾಷರುಗಳೂ ಬೋಲ್ಟುಗಳ ಕೊರಳಲ್ಲಿಯೇ ಇದ್ದವು. ತಗಡು ಮಾತ್ರ ಇರಲಿಲ್ಲ. ಹೊಲದಲ್ಲಿ ಬಿದ್ದಿದ್ದ ತಗಡನ್ನು ತಂದು ನೋಡಿದರೆ, ಬೋಲ್ಟಿನ ತೂತುಗಳೆಲ್ಲ ಹರಿದು ಬಾಯಿ ಬಿಟ್ಟಿದ್ದವು. ಗಾಳಿಯ ಎಳೆತಕ್ಕೆ ತಗಡು ವಾಷರುಗಳನ್ನೇ ದಾಟಿಕೊಂಡು ಮೇಲಕ್ಕೆ ಹೋಗಿತ್ತು. ಅದು ಭಾನುವಾರದ ರಾತ್ರಿಯಾಗದೆ ಸೋಮವಾರದ ಮಧ್ಯಾಹ್ನವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಎಣಿಸಿಕೊಂಡರೆ ಇಂದಿಗೂ ನಮ್ಮ ಎದೆ ನಡುಗುತ್ತದೆ.

ಆ ದಿನ ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸುದ್ದಿ ಕೇಳಿ ಬಂದ. ಹೊಸೂರಿನಲ್ಲಿ ಒಂದು ಪುಟ್ಟ ಪ್ರೆಸ್ ಶೆಡ್ಡು ಇಟ್ಟುಕೊಂಡಿರುವ ಹುಡುಗ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ನೆಲೆ ಬಂದ ಮೇಲೆ ನಮ್ಮ ಸೀಮೆಯ ಹೊಲಗಳ ನಡುವೆ ಕಾರ್ಖಾನೆಗಳು ಎದ್ದದ್ದನ್ನೂ, 1980ರಲ್ಲಿ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಂದದ್ದನ್ನೂ ಹಿರಿಯ ವಾಚಕರು ಬಲ್ಲರು. ದೊಡ್ಡ ಕಾರ್ಖಾನೆಯ ನೆರಳಿನಲ್ಲಿ ಇಂಥ ಸಣ್ಣ ಶೆಡ್ಡುಗಳು ಬಹಳ. ನಮ್ಮ ಈ ಹುಡುಗ ಮಾಡುವುದು ವಾಷರುಗಳನ್ನು. ಅಂಗಡಿಯಲ್ಲಿ ತೂಕಕ್ಕೆ ಸಿಗುವ ವಾಷರುಗಳನ್ನಲ್ಲ, ಇಂಥ ಯಂತ್ರದ ಇಂಥ ಜಾಗಕ್ಕೆಂದು ಹೇಳಿ ಮಾಡಿಸುವಂಥವನ್ನು. ಅವನು ಹರಿದ ತೂತನ್ನು ಬೆರಳಿನಿಂದ ಸವರಿ ನೋಡಿ, ನಮ್ಮ ಪಟ್ಟಿಯನ್ನು ಕೇಳಿ ತರಿಸಿಕೊಂಡು ಓದಿದ. ಬಳಿಕ ಮೆಲ್ಲಗೆ ಹೇಳಿದ: “ಮೇಷ್ಟ್ರೇ, ಏಕಮಾನ ಬರೆಯದ ಉತ್ತರಕ್ಕೆ ಅಂಕವಿಲ್ಲ ಅಂತ ಐದನೇ ತರಗತಿಯಲ್ಲಿ ನನಗೆ ಎಷ್ಟು ಸಲ ಸೊನ್ನೆ ಹಾಕಿದ್ದೀರಿ! ಇಲ್ಲಿ ವಾಷರು ಅಂತ ಮಾತ್ರ ಬರೆದಿದ್ದೀರಲ್ಲ. ಯಾವ ವಾಷರು?”

ನಮ್ಮ ಬಳಿ ಉತ್ತರವಿರಲಿಲ್ಲ. ಅಂಗಡಿಯವನು ಕೇಳಿದ್ದನ್ನೇ ಕೊಟ್ಟಿದ್ದ. ಕೆಲಸದವರು ಕೊಟ್ಟದ್ದನ್ನೇ ಹಾಕಿದ್ದರು. ತಪ್ಪು ಬರೆದವರದು. ಆ ಸಂಜೆ ಅವನಿಂದ ಕಲಿತ ಪಾಠವನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ವಾಷರೆಂದರೆ ನಡುವೆ ತೂತಿರುವ ಲೋಹದ ಬಿಲ್ಲೆ, ಅಷ್ಟೇ. ಎತ್ತಿನ ಗಾಡಿಯ ಕಾಲದಲ್ಲಿಯೂ ಗಾಲಿಯ ಗುಂಭಕ್ಕೂ ಕಡೆಗೀಲಿಗೂ ನಡುವೆ ಕಮ್ಮಾರನು ಒಂದು ಕಬ್ಬಿಣದ ಬಳೆಯನ್ನು ತೊಡಿಸುತ್ತಿದ್ದ. ಬಿಲ್ಲೆ ಸಣ್ಣದಾದರೂ ಅದರ ಮೇಲೆ ಬೀಳುವ ಭಾರ ಸಣ್ಣದಲ್ಲ. ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ರಬ್ಬರು ಪಟ್ಟಿಯಂತೆ ಕೂದಲೆಳೆಯಷ್ಟು ಹಿಗ್ಗಿಸುವುದು. ಹಿಗ್ಗಿದ ಬೋಲ್ಟು ಹಿಂದಕ್ಕೆ ಎಳೆಯುವ ಬಲವೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. 12 ಮಿಲಿಮೀಟರಿನ, 8.8 ದರ್ಜೆಯ ಒಂದು ಬೋಲ್ಟನ್ನು ಸರಿಯಾಗಿ ಬಿಗಿದರೆ ಆ ಬಲ ಸುಮಾರು 3,700 ಕಿಲೋ ತೂಕಕ್ಕೆ ಸಮ. ಅಷ್ಟೂ ಭಾರವನ್ನು ನಟ್ಟಿನ ಕೆಳಗಿನ ಕಿರಿದಾದ ಉಂಗುರದಷ್ಟು ಜಾಗ ಹೊರಬೇಕು. ಕೆಳಗಿರುವುದು ಮೆದುವಾದ ವಸ್ತುವಾದರೆ ನಟ್ಟು ಅದರೊಳಕ್ಕೆ ಇಳಿಯುತ್ತದೆ. ಕೂದಲೆಳೆಯಷ್ಟು ಹಿಗ್ಗಿದ ಬೋಲ್ಟಿಗೆ ಕೂದಲೆಳೆಯಷ್ಟು ಇಳಿದರೂ ಸಾಕು, ಬಿಗಿತವೆಲ್ಲ ಹೋಗಿಬಿಡುತ್ತದೆ. ಭಾರವನ್ನು ಅಗಲಕ್ಕೆ ಹಂಚುವುದು ವಾಷರಿನ ಮೊದಲನೆಯ ಕೆಲಸ. ನಟ್ಟು ತಿರುಗುವಾಗ ಕೆಳಗಿನ ಮೈ ತರಚದಂತೆ ಕಾಯುವುದು, ದೊಡ್ಡದಾದ ತೂತನ್ನು ಮುಚ್ಚುವುದು, ನೀರನ್ನು ತಡೆಯುವುದು, ಓರೆಯಾದ ಮೈಯನ್ನು ಸಮಮಾಡುವುದು ಉಳಿದ ಕೆಲಸಗಳು. ಯಾವ ಕೆಲಸಕ್ಕೆಂದು ಹೇಳದೆ ವಾಷರು ಕೇಳುವುದು, ಯಾವ ಕಾಯಿಲೆಯೆಂದು ಹೇಳದೆ ಮಾತ್ರೆ ಕೇಳಿದಂತೆಯೇ ಸರಿ.

ಇದನ್ನು ನಮ್ಮ ಹುಡುಗ ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ. ಶೆಡ್ಡು ತೆರೆದ ಮೊದಲ ವರ್ಷ ಒಬ್ಬ ಗಿರಾಕಿ ಒಂದು ವಾಷರನ್ನು ಅವನ ಕೈಗಿಟ್ಟು, ‘ಇದರಂತೆಯೇ 6,000 ಮಾಡಿಕೊಡು’ ಎಂದನಂತೆ. ಮೋಟಾರನ್ನು ಕೂರಿಸುವ ಪೀಠಕ್ಕೆ ಬೇಕಾದದ್ದು. ಅಂಥ ಪೀಠಗಳಲ್ಲಿ ಬೋಲ್ಟಿಗೆ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಇರುತ್ತದೆ. ಬೆಲ್ಟು ಬಿಗಿಮಾಡಲು ಮೋಟಾರನ್ನು ಹಿಂದಕ್ಕೆ ಮುಂದಕ್ಕೆ ಸರಿಸಬೇಕಲ್ಲ! 14 ಮಿ.ಮೀ. ಅಗಲದ ಸೀಳಿನ ಮೇಲೆ 12ರ ನಟ್ಟು ಎರಡು ಬದಿಗೂ ಒಂದೂವರೆ ಮಿ.ಮೀ. ಮಾತ್ರ ಕೂರುತ್ತದೆ. ಅಂಗಡಿಯ ಸಾದಾ ವಾಷರು 24 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪ, ಬಿಗಿದರೆ ಸೀಳಿನೊಳಕ್ಕೆ ತಟ್ಟೆಯಂತೆ ಬಗ್ಗುತ್ತದೆ. ಅದಕ್ಕಾಗಿಯೇ ಬೇರೆ ಅಳತೆಯ ವಾಷರು ಬೇಕಾಗಿತ್ತು. ಹುಡುಗ ಮಾದರಿಯನ್ನು ಕ್ಯಾಲಿಪರಿನಿಂದ ಅಳೆದ: ಹೊರಗೆ 36, ಒಳಗೆ 13, ದಪ್ಪ 4. ತಾಯಿಯ ಒಡವೆ ಅಡವಿಟ್ಟು ತಗಡು ತಂದು, ಅಚ್ಚು ಮಾಡಿಸಿ, 6,000 ವಾಷರು ಹೊಡೆದು, ಸತುವಿನ ಲೇಪ ಹಾಕಿಸಿ ಕೊಟ್ಟ. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹತ್ತು ದಿನಗಳಲ್ಲಿ ಎಲ್ಲವೂ ಹಿಂದಕ್ಕೆ ಬಂದವು. ಬಿಗಿದೊಡನೆ ಅವೂ ಬಗ್ಗುತ್ತಿದ್ದವು.

ಕಾರಣವೇನು? ಮಾದರಿಯ ವಾಷರು ಕಾಯಿಸಿ ಹದಗೊಳಿಸಿದ ಗಡಸು ಉಕ್ಕಿನದು; ಇವನು ಹೊಡೆದದ್ದು ಸಾದಾ ಮೆದು ಉಕ್ಕಿನ ತಗಡಿನಲ್ಲಿ. ಗಡಸುತನವನ್ನು ಅಳೆಯುವ ವಿಕರ್ಸ್ ಮಾನದಲ್ಲಿ ಮೆದು ತಗಡು 120ರ ಆಸುಪಾಸಿನಲ್ಲಿದ್ದರೆ, ಹದಗೊಳಿಸಿದ್ದು 300ರ ಮೇಲಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕ್ಯಾಲಿಪರಿಗೂ ಒಂದೇ. “ಮಾದರಿ ಮಾತಾಡೋದಿಲ್ಲ ಮೇಷ್ಟ್ರೇ, ನಾವೇ ಕೇಳಬೇಕು” ಎಂದ ಹುಡುಗ. ಆ 6,000 ವಾಷರುಗಳು ಗುಜರಿಯ ಬೆಲೆಗೆ ಹೋದವು. ಒಡವೆ ಬಿಡಿಸಲು ಎರಡು ವರ್ಷ ಹಿಡಿಯಿತು. ಅಂದಿನಿಂದ ಯಾರೇ ಬಂದರೂ ಅವನು ಒಂದು ಹಾಳೆ ತೆಗೆದು ಪ್ರಶ್ನೆ ಕೇಳುತ್ತಾನೆ. ಉತ್ತರ ಬರೆದು ಸಹಿ ಹಾಕಿದ ಬಳಿಕವೇ ಕೆಲಸ.

ಮೊದಲನೆಯ ಪ್ರಶ್ನೆ, ಒಳಗಿನ ತೂತು ಎಷ್ಟು? ಬೋಲ್ಟಿನ ಗಾತ್ರವನ್ನೇ ಬರೆದರೆ ವಾಷರು ಒಳಗಿಳಿಯದು. 12ರ ಬೋಲ್ಟಿಗೆ 13 ಮಿ.ಮೀ. ತೂತು ರೂಢಿ. ಬೋಲ್ಟಿನ ತಲೆಯೂ ಕಾಂಡವೂ ಕೂಡುವಲ್ಲಿ ಒಂದು ಸಣ್ಣ ದುಂಡು ತಿರುವು ಇರುತ್ತದೆ. ತೂತು ತೀರ ಬಿಗಿಯಾದರೆ ವಾಷರಿನ ಅಂಚು ಆ ತಿರುವಿನ ಮೇಲೆ ಹತ್ತಿ ಕೂತು ಬೋಲ್ಟಿಗೇ ಗಾಯಮಾಡುತ್ತದೆ. ತೀರ ಸಡಿಲಾದರೆ ಭಾರ ಹೊರುವ ಜಾಗ ಕಡಿಮೆಯಾಗುತ್ತದೆ.

ಎರಡನೆಯದು, ಕೆಳಗೆ ಏನಿದೆ? ಹೊರಗಿನ ಅಗಲ ಇದರ ಮೇಲೆ ನಿಂತಿದೆ. ನಮ್ಮ ಎಷ್ಟೋ ಮನೆಗಳ ನಡುಮನೆಯಲ್ಲಿ ಇರುವ ಉಯ್ಯಾಲೆಯನ್ನೇ ತೆಗೆದುಕೊಳ್ಳೋಣ. ಮರದ ತೊಲೆಗೆ ಮೇಲಿನಿಂದ ಕೆಳಕ್ಕೆ ಬೋಲ್ಟು ಇಳಿಸಿ ತೂಗುಹಾಕಿದ್ದಾರೆ. ತೂಗಾಟದ ಎಳೆತವನ್ನೂ ಸೇರಿಸಿ ಒಂದು ಬೋಲ್ಟಿಗೆ 600 ಕಿಲೋ ಎಂದು ಹಿಡಿಯೋಣ. ಮರದ ಎಳೆಗೆ ಅಡ್ಡಲಾಗಿ ಒಂದು ಚದರ ಸೆಂ.ಮೀ.ಗೆ 25 ಕಿಲೋ ಮೀರಬಾರದೆಂದು ಇಟ್ಟುಕೊಳ್ಳೋಣ. 600ನ್ನು 25ರಿಂದ ಭಾಗಿಸಿದರೆ 24 ಚದರ ಸೆಂ.ಮೀ. ಬೇಕು. ನಡುವಿನ 14 ಮಿ.ಮೀ. ತೂತಿನದು ಒಂದೂವರೆ ಚದರ ಸೆಂ.ಮೀ.; ಅದನ್ನು ಕೂಡಿಸಿದರೆ 25.5. ಅಷ್ಟು ಕ್ಷೇತ್ರಫಲದ ವೃತ್ತದ ವ್ಯಾಸ 5.7 ಸೆಂ.ಮೀ. ಎಂದರೆ 60 ಮಿ.ಮೀ. ವಾಷರು ಬೇಕಾಯಿತು. ಅಂಗಡಿಯ 24 ಮಿ.ಮೀ. ವಾಷರಿಗೆ ಸಿಗುವುದು ಮೂರೇ ಚದರ ಸೆಂ.ಮೀ.; ಮರದ ಮೇಲೆ ಚದರ ಸೆಂ.ಮೀ.ಗೆ 200 ಕಿಲೋ, ಎಂಟು ಪಟ್ಟು ಒತ್ತಡ! ಏಳನೆಯ ತರಗತಿಯ ವೃತ್ತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಈವರೆಗೆ ದೊರೆತಿರಲಿಲ್ಲ.

ಮೂರನೆಯದು ದಪ್ಪ. ಅಗಲ ಮಾತ್ರ ಹೆಚ್ಚಿಸಿ ದಪ್ಪವನ್ನು ಮರೆತರೆ ಅಂಚುಗಳು ಮೇಲಕ್ಕೆದ್ದು ನಡುಭಾಗವೇ ಭಾರ ಹೊರುತ್ತದೆ. ಕೊಟ್ಟ ಅಗಲ ವ್ಯರ್ಥ. ಬಾಗದೆ ನಿಲ್ಲುವ ಗುಣ ದಪ್ಪದ ಘನದಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಬಾಗದಿರುವ ಬಲ ಎಂಟರಷ್ಟು. ಮೇಲಿನ ಉಯ್ಯಾಲೆಯ ವಾಷರು 6 ಮಿ.ಮೀ. ದಪ್ಪವಿದ್ದರೆ ಒಪ್ಪುತ್ತದೆ. ದಪ್ಪ ಹೆಚ್ಚಿಸಿದಾಗ ಬೋಲ್ಟಿನ ಉದ್ದವನ್ನೂ ನೋಡಿಕೊಳ್ಳಬೇಕು. ನಟ್ಟಿನಿಂದಾಚೆಗೆ ಬೋಲ್ಟಿನ ತುದಿ ಸ್ವಲ್ಪ ಕಾಣಲೇಬೇಕು.

ನಾಲ್ಕನೆಯದು ಲೋಹ ಮತ್ತು ಗಡಸುತನ. ಗಟ್ಟಿ ಬೋಲ್ಟಿನ ಕೆಳಗೆ ಮೆದು ವಾಷರು ಕೂಡದು. 8.8 ದರ್ಜೆಯ ಬೋಲ್ಟಿಗೆ ವಿಕರ್ಸ್ 200, 10.9 ದರ್ಜೆಗೆ 300 ಎಂಬುದು ಕಾರ್ಖಾನೆಗಳ ವಾಡಿಕೆ. ಐದನೆಯದು ಲೇಪ. ಸತುವಿನ ತೆಳು ಲೇಪ 8 ಮೈಕ್ರಾನ್ ಎಂದು ಬರೆದರೆ ಎರಡು ಮೈಗೂ ಸೇರಿ ದಪ್ಪ 16 ಮೈಕ್ರಾನ್ ಹೆಚ್ಚುತ್ತದೆ, ತೂತು ಅಷ್ಟೇ ಕಿರಿದಾಗುತ್ತದೆ. ಅಳತೆಯು ಲೇಪಕ್ಕೆ ಮೊದಲಿನದೋ ಅನಂತರದ್ದೋ ಎಂಬುದನ್ನು ಬರೆಯಲೇಬೇಕು. ಕರಗಿದ ಸತುವಿನಲ್ಲಿ ಅದ್ದಿದರಂತೂ ಲೇಪ ಇನ್ನೂ ಎಷ್ಟೋ ದಪ್ಪ. ಮತ್ತೊಂದು ಎಚ್ಚರಿಕೆ: ಬಹಳ ಗಡಸಾದ ವಾಷರನ್ನು ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಲೇಪ ಹಾಕುವಾಗ ಅದರೊಳಕ್ಕೆ ಜಲಜನಕ ಸೇರಿಕೊಳ್ಳುತ್ತದೆ. ಹಾಗಾದ ವಾಷರು ಬಿಗಿದಾಗ ಚೆನ್ನಾಗಿಯೇ ಇದ್ದು, ಒಂದೆರಡು ದಿನಗಳಲ್ಲಿ ಗಾಜಿನಂತೆ ಸೀಳಬಹುದು. ಲೇಪವಾದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಕಾಯಿಸಿದರೆ ಆ ಜಲಜನಕ ಹೊರಟುಹೋಗುತ್ತದೆ. ಇದನ್ನೂ ಹಾಳೆಯಲ್ಲಿ ಬರೆದಿರಬೇಕು.

ಆರನೆಯದು, ಎಷ್ಟು ಹೆಚ್ಚುಕಡಿಮೆಯಾದರೆ ಒಪ್ಪುತ್ತೀರಿ? ಯಾವ ಪ್ರೆಸ್ಸಿನಿಂದಲೂ 6,000 ವಾಷರುಗಳು ಒಂದೇ ಅಚ್ಚಿನ ಲಾಡುಗಳಂತೆ ಬರುವುದಿಲ್ಲ. ಅಚ್ಚಿನಲ್ಲಿ ಹೊಡೆದಾಗ ಒಂದು ಬದಿಯ ಅಂಚು ದುಂಡಗೆ, ಇನ್ನೊಂದು ಬದಿಯದು ಚೂಪಾಗಿ ಬರುತ್ತದೆ. ಬಣ್ಣ ಬಳಿದ ಮೈಯ ಮೇಲೆ ಚೂಪು ಬದಿ ಕೂತರೆ ಬಣ್ಣ ಕಿತ್ತು ತುಕ್ಕಿಗೆ ದಾರಿಯಾಗುತ್ತದೆ. ಮಿತಿಗಳನ್ನು ಬರೆಯಬೇಕು ನಿಜ. ಆದರೆ ಭಯದಿಂದ ಎಲ್ಲಕ್ಕೂ ಬಿಗಿಯಾದ ಮಿತಿ ಬರೆಯುವುದೂ ತಪ್ಪೇ. ಹಾಗೆ ಬರೆದರೆ ಪ್ರತಿಯೊಂದನ್ನೂ ಉಜ್ಜಿ ಸಮಮಾಡಬೇಕಾಗಿ ಬೆಲೆ ಹಲವು ಪಟ್ಟು ಏರುತ್ತದೆ. ಉಪ್ಪಿಲ್ಲದ ಸಾರೂ ಬೇಡ, ಉಪ್ಪೇ ಆದ ಸಾರೂ ಬೇಡ. ತಗಡಿನ ಲೆಕ್ಕವನ್ನೂ ಹುಡುಗ ಹೇಳಿದ. 36ರ ವಾಷರನ್ನು ಒಂದೇ ಸಾಲಿನಲ್ಲಿ, ಸುತ್ತ ಎರಡೆರಡು ಮಿ.ಮೀ. ಬಿಟ್ಟು ಹೊಡೆದರೆ 100 ಕಿಲೋ ತಗಡಿನಲ್ಲಿ ವಾಷರು ಸುಮಾರು 58 ಕಿಲೋ, ಚೂರು 42 ಕಿಲೋ. ದೋಸೆ ಹಿಟ್ಟನ್ನು ಹಂಚಿನ ಲೆಕ್ಕಕ್ಕೆ ಹುಯ್ಯುವ ಗೃಹಿಣಿಯ ಜಾಣತನ ಇಲ್ಲಿಯೂ ಬೇಕು. ಯಂತ್ರಕ್ಕೆ ತೊಂದರೆಯಾಗದಂತೆ ಹೊರ ಅಗಲವನ್ನು ಒಂದು ಮಿ.ಮೀ. ಕಡಿಮೆಮಾಡಿದರೂ ಸಾವಿರಾರು ವಾಷರುಗಳಲ್ಲಿ ಉಳಿಯುವ ತಗಡು ಕಡಿಮೆಯದಲ್ಲ.

ಇಷ್ಟು ಕೇಳಿ ನಾವು, “ಹಾಗಾದರೆ ಸ್ಪ್ರಿಂಗ್ ವಾಷರು ಹಾಕಿಬಿಟ್ಟರೆ ಆಯಿತಲ್ಲಪ್ಪಾ, ನಟ್ಟು ಬಿಚ್ಚುವ ಭಯವೇ ಇಲ್ಲ” ಎಂದೆವು. ಹುಡುಗ ನಕ್ಕ. ಸೀಳಿರುವ ಆ ಸುರುಳಿ ವಾಷರಿನ ಮೇಲೆ ಊರಿಗೆಲ್ಲ ನಂಬಿಕೆ. ಬೋಲ್ಟು ಪೂರ್ತಿ ಬಿಗಿಯಾಗುವುದಕ್ಕೆ ಎಷ್ಟೋ ಮೊದಲೇ ಅದು ಚಪ್ಪಟೆಯಾಗಿ ಸಾದಾ ವಾಷರಿನಂತಾಗಿಬಿಡುತ್ತದೆ. ನಟ್ಟು ಬಿಚ್ಚಿಕೊಳ್ಳುವುದು ಹೆಚ್ಚಾಗಿ ಪಕ್ಕಕ್ಕೆ ಅಲುಗಾಡುವ ನಡುಕದಿಂದ ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಅಂಥ ನಡುಕದ ಪರೀಕ್ಷೆಯಲ್ಲಿ ಈ ಸುರುಳಿ ವಾಷರುಗಳು ನಟ್ಟನ್ನು ಹಿಡಿದು ನಿಲ್ಲಿಸಲಾರದೆ ಹೋಗುತ್ತವೆ. ನಡುಕ ಹೆಚ್ಚಿರುವ ಕಡೆ ಬೋಲ್ಟನ್ನು ಸರಿಯಾಗಿ ಬಿಗಿಯುವುದೇ ಮೊದಲ ಮದ್ದು. ಅದರ ಮೇಲೂ ಬೇಕೆಂದರೆ, ಒಂದರ ಮೇಲೊಂದು ಓರೆ ಹಲ್ಲುಗಳಿಂದ ಕೂರುವ ಜೋಡಿ ವಾಷರುಗಳಿವೆ. ಅವುಗಳ ಹಲ್ಲಿನ ಓರೆ ಬೋಲ್ಟಿನ ಸುತ್ತುಗಳ ಓರೆಗಿಂತ ಹೆಚ್ಚು. ನಟ್ಟು ಹಿಂದಕ್ಕೆ ತಿರುಗಲು ಹೊರಟರೆ ಜೋಡಿ ಮೇಲಕ್ಕೇರಿ ಬೋಲ್ಟು ಇನ್ನಷ್ಟು ಬಿಗಿಯಾಗುತ್ತದೆ.

ಒಂದು ಬಿಲ್ಲೆಯ ಬೆಲೆ ಏನೆಂಬುದನ್ನು ಜಗತ್ತು 2007ರ ಆಗಸ್ಟ್ 20ರಂದು ಕಣ್ಣಾರೆ ಕಂಡಿತು. ತೈವಾನಿನ ತೈಪೆಯಿಂದ ಬಂದ ಒಂದು ಬೋಯಿಂಗ್ 737 ವಿಮಾನ ಜಪಾನಿನ ಓಕಿನಾವಾ ದ್ವೀಪದ ನಾಹಾ ನಿಲ್ದಾಣದಲ್ಲಿ ಸುರಕ್ಷಿತವಾಗಿಯೇ ಇಳಿದು ನಿಂತಿತು. ನಿಂತ ಕೆಲವೇ ಕ್ಷಣಗಳಲ್ಲಿ ಹೊತ್ತಿ ಉರಿಯಿತು. ರೆಕ್ಕೆಯ ಮುಂದಂಚಿನಲ್ಲಿ, ಇಳಿಯುವಾಗ ಹೊರಚಾಚಿ ಆಮೇಲೆ ಒಳಸೇರುವ ಒಂದು ಭಾಗವಿದೆ. ಅದರ ಕಂಬಿಯ ತುದಿಯಲ್ಲಿದ್ದ ಬೋಲ್ಟೊಂದು ಕಳಚಿ ಬಿದ್ದಿತ್ತು. ಭಾಗವು ಒಳಸೇರುವಾಗ ಆ ಬೋಲ್ಟನ್ನು ತಳ್ಳಿ ಇಂಧನದ ತೊಟ್ಟಿಗೆ ತೂತು ಮಾಡಿಬಿಟ್ಟಿತು. ಕಳಚಿದ್ದೇಕೆ? ಅಲ್ಲಿಯ ನಟ್ಟು ತೂತಿಗಿಂತ ಕಿರಿದಾಗಿತ್ತು; ಅದು ತೂತಿನಿಂದ ನುಸುಳದಂತೆ ತಡೆಯುತ್ತಿದ್ದುದು ಒಂದು ವಾಷರು. ಕೆಲವು ವಾರಗಳ ಹಿಂದೆ ನಟ್ಟನ್ನು ಬಿಚ್ಚಿ ಮತ್ತೆ ಬಿಗಿದಾಗ ಆ ವಾಷರು ಬಿಟ್ಟುಹೋಗಿತ್ತು. ಒಳಗಿದ್ದ 165 ಮಂದಿಯೂ ಜೀವಸಹಿತ ಹೊರಬಂದದ್ದು ಪುಣ್ಯ. ಬಿಗಿದವರ ಮರೆವು ಒಂದೆಡೆ. ಒಂದು ಬಿಲ್ಲೆ ಮರೆತರೆ ಎಲ್ಲವೂ ಕಳಚುವಂತೆ ರಚಿಸಿದ್ದು ಇನ್ನೊಂದೆಡೆ. ರಚಿಸುವವನು ‘ಇದನ್ನು ಯಾರಾದರೂ ಮರೆತರೆ?’ ಎಂದು ಕೇಳಿಕೊಳ್ಳಬೇಕು. ನಮ್ಮ ಹುಡುಗನ ಹಾಳೆಯ ಕೊನೆಯ ಪ್ರಶ್ನೆಯೂ ಅದೇ.

ಇನ್ನು ನಮ್ಮ ಜಗುಲಿಗೆ ಬರೋಣ. ನಾವು ತರಿಸಿದ್ದು 8 ಮಿ.ಮೀ. ಬೋಲ್ಟಿನ ಸಾದಾ ವಾಷರು. ಅಗಲ 16 ಮಿ.ಮೀ., ಮೈ ಚಪ್ಪಟೆ. ಅಲೆತಗಡಿನ ಬೋಲ್ಟುಗಳನ್ನು ನೀರು ಹರಿಯುವ ತಗ್ಗಿನಲ್ಲಿ ಹಾಕದೆ ಏಣಿನ ಮೇಲೆ ಹಾಕುತ್ತಾರೆ. ಉಬ್ಬಿದ ಏಣಿನ ಮೇಲೆ ಚಪ್ಪಟೆ ಬಿಲ್ಲೆ ಒಂದು ಗೆರೆಯಷ್ಟೇ ತಾಗುತ್ತದೆ. ಗಾಳಿ ಮೇಲಕ್ಕೆ ಎಳೆದಾಗ ಆ ಗೆರೆಯೇ ಕತ್ತಿಯಾಯಿತು. ಏಣಿನ ಬಾಗಿಗೆ ತಕ್ಕಂತೆ ಬಾಗಿಸಿದ, ಇನ್ನೂ ಅಗಲವಾದ ಲಿಂಪೆಟ್ ವಾಷರು, ಅದರ ಕೆಳಗೆ ನೀರು ತಡೆಯಲು ಡಾಂಬರು ವಾಷರು, ಹೀಗೆ ಜೋಡಿಯಾಗಿ ಹಾಕಬೇಕಾಗಿತ್ತು. ತಗಡಿನ ಮಾಡಿನ ವಾಷರುಗಳಿಗೆಂದೇ ‘ಐಎಸ್ 8869’ ಎಂಬ ಭಾರತೀಯ ಮಾನಕವಿದೆ. ಸಾದಾ ವಾಷರಿಗೆ ‘ಐಎಸ್ 2016’ ಇದೆ. ಈ ಎರಡು ಅಂಕೆಗಳಲ್ಲಿ ಸರಿಯಾದುದನ್ನು ಬರೆದಿದ್ದರೂ ಅಂಗಡಿಯವನಿಗೆ ತಿಳಿಯುತ್ತಿತ್ತು. ಮಾನಕದಲ್ಲಿ ಸಿಗುವುದನ್ನು ಹೊಸದಾಗಿ ಮಾಡಿಸಬಾರದು. ಮಾನಕ ಒಪ್ಪದ ಕಡೆ ಮಾತ್ರ ಮಾಡಿಸಬೇಕು ಎಂಬುದು ವಾಷರು ಮಾಡಿಯೇ ಬದುಕುವ ಹುಡುಗನ ಬಾಯಿಂದ ಬಂದ ಮಾತು.

ನಮ್ಮ ಹಳೆಯ ತೊಲೆಗಳ ಎರಡು ಕಡೆ ಯಾವ ಸಿದ್ಧ ವಾಷರೂ ಕೂರುವಂತಿರಲಿಲ್ಲ. ಅಲ್ಲಿಗೆಂದು ಅವನೇ ನಾಲ್ಕು ವಾಷರುಗಳನ್ನು ಹೊಡೆದು ತಂದ. ಹಣ ತೆಗೆದುಕೊಳ್ಳಲಿಲ್ಲ. ಆದರೆ ನಮ್ಮಿಂದ ಹಾಳೆ ತುಂಬಿಸಿ ಸಹಿ ಹಾಕಿಸಿಕೊಳ್ಳುವುದನ್ನು ಬಿಡಲಿಲ್ಲ. ಅನಂತರ ಮೂರು ಮಳೆಗಾಲಗಳನ್ನು ಆ ಮಾಡು ಅಲುಗದೆ ಕಳೆದಿದೆ.

ಮನೆಯಲ್ಲಿ ಉಯ್ಯಾಲೆಯೋ ನೀರಿನ ತೊಟ್ಟಿಯ ಕಟ್ಟೋ ತಗಡಿನ ಮಾಡೋ ಇರುವ ವಾಚಕರು ನಟ್ಟಿನ ಕೆಳಗಿರುವ ಬಿಲ್ಲೆಯನ್ನು ಈ ವಾರವೇ ಒಮ್ಮೆ ನೋಡಬೇಕೆಂದು ಕೋರುತ್ತೇವೆ. ಅದು ತಟ್ಟೆಯಂತೆ ಬಾಗಿದ್ದರೆ, ಮರದೊಳಕ್ಕೆ ಇಳಿದಿದ್ದರೆ, ಅಂಚೆಲ್ಲ ತುಕ್ಕು ತಿಂದಿದ್ದರೆ, ಬದಲಿಸಲು ಕಾಯಬೇಡಿ. ಬದಲಿಸುವಾಗ ಅಗಲ, ತೂತು, ದಪ್ಪ, ಲೋಹ, ಲೇಪ ಮತ್ತು ಅದು ಕೂರುವ ಜಾಗ, ಈ ಆರನ್ನೂ ಚೀಟಿಯಲ್ಲಿ ಬರೆದೇ ಕೊಡಿ.

ಕಡತದಲ್ಲಿರುವ ನಮ್ಮ ಹಳೆಯ ಪಟ್ಟಿಯ ಕೊನೆಯ ಸಾಲಿನ ಎದುರಿಗೆ ನಾವೇ ಕೆಂಪು ಶಾಯಿಯಿಂದ ಒಂದು ಸೊನ್ನೆ ಹಾಕಿಟ್ಟಿದ್ದೇವೆ. ಏಕಮಾನ ಬರೆಯದ ಉತ್ತರಕ್ಕೆ ಅಂಕವಿಲ್ಲ.